ಸಮ-ಸಮ ಅಂದಿದ್ರಲ್ಲ, ಏಳೂ ರಾಜ್ಯ ಒಂದೇ ಕಡೆ ಹೇಗೆ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಅಮೆರಿಕದ ಅಧ್ಯಕ್ಷ ಚುನಾವಣೆ ಮತ್ತು ಅಲ್ಲಿನ ಸಮೀಕ್ಷೆಗಳ ಬಗ್ಗೆಯೇ ಇವೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ, ಹಾಗಾಗಿ ಕೇಳುವುದು ಸಹಜ. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು, ಈ ವಿಷಯ ನನಗೂ ತುಂಬಾ ಇಷ್ಟ.

ಪ್ರಶ್ನೆ: ಮಾಸ್ತರೇ, ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. 2024ರಲ್ಲಿ ಫೋನ್ ಮಾಡಿದಾಗಲೆಲ್ಲ "ಕಮಲಾ ಹ್ಯಾರಿಸ್, ಟ್ರಂಪ್ ಇಬ್ಬರೂ ಸಮ-ಸಮ" ಅಂತಲೇ ಹೇಳುತ್ತಿದ್ದ. ಕೊನೆಗೆ ನೋಡಿದರೆ ಪೈಪೋಟಿ ಇದ್ದ ಏಳಕ್ಕೆ ಏಳೂ ರಾಜ್ಯ ಟ್ರಂಪ್ ಪಾಲಾಯಿತು. ಸಮೀಕ್ಷೆಯವರು ಸುಳ್ಳು ಹೇಳಿದ್ದಾ?
— ಕುಮಟಾದ ಓದುಗರು

ಉತ್ತರ: ಸುಳ್ಳು ಹೇಳಲಿಲ್ಲ. ತಪ್ಪಿದ್ದು ಹೌದು, ಆದರೆ ನೀವು ಅಂದುಕೊಂಡಷ್ಟಲ್ಲ. ಇಡೀ ದೇಶದ ಲೆಕ್ಕ ನೋಡಿ. ಕೊನೆಯ ದಿನಗಳ ಸಮೀಕ್ಷೆಗಳ ಸರಾಸರಿಯಲ್ಲಿ ಹ್ಯಾರಿಸ್ ಸುಮಾರು ಶೇ. 1ರಷ್ಟು ಮುಂದಿದ್ದರು. ಎಣಿಕೆ ಮುಗಿದಾಗ ಟ್ರಂಪ್ ಸುಮಾರು ಶೇ. 1.5ರಷ್ಟು ಮುಂದಿದ್ದರು. ಅಂದರೆ ತಪ್ಪಿದ್ದು ಎರಡೂವರೆಯಷ್ಟು. 2020ರಲ್ಲಿ ಬೈಡನ್ ಶೇ. 8ಕ್ಕೂ ಹೆಚ್ಚು ಮುಂದಿದ್ದಾರೆ ಅಂತ ಸಮೀಕ್ಷೆಗಳು ಹೇಳಿದ್ದವು, ಗೆದ್ದದ್ದು ಶೇ. 4.5ರಿಂದ. ಆ ತಪ್ಪು ಇದಕ್ಕಿಂತ ದೊಡ್ಡದು! ಆದರೆ ಗೆದ್ದವರ ಹೆಸರು ಸರಿಯಾಗಿತ್ತಲ್ಲ, ಹಾಗಾಗಿ ಜನ ಅಷ್ಟಾಗಿ ಬೈಯಲಿಲ್ಲ. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಸಮೀಕ್ಷೆ ಎಷ್ಟು ದೂರ ತಪ್ಪಿತು ಅಂತ ನೋಡಬೇಕು, ಯಾರು ಗೆದ್ದರು ಅಂತಲ್ಲ.

ನಿಮ್ಮ ಊರನ್ನೇ ತೆಗೆದುಕೊಳ್ಳಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಕುಮಟಾ ಕ್ಷೇತ್ರದಲ್ಲಿ ದಿನಕರ ಶೆಟ್ಟಿ ಗೆದ್ದದ್ದು ಬರೀ 676 ಮತಗಳಿಂದ. ಹಿಂದಿನ ವಾರ ಯಾರಾದರೂ ಸಾವಿರ ಜನರನ್ನು ಕೇಳಿದ್ದರೆ ಅವರಿಗೆ ಗೆಲ್ಲುವವರು ಯಾರು ಅಂತ ಗೊತ್ತಾಗುತ್ತಿತ್ತಾ? ಸಾಧ್ಯವೇ ಇರಲಿಲ್ಲ. ಸಾವಿರ ಜನರ ಸಮೀಕ್ಷೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಯ ಅಂಕಿಯೂ ಶೇ. 3ರಷ್ಟು ಮೇಲೆ ಕೆಳಗೆ ಆಗಬಹುದು, ಅಂದರೆ ಇಬ್ಬರ ನಡುವಿನ ಅಂತರ ಇನ್ನೂ ಜಾಸ್ತಿ ಆಚೀಚೆ ಆಗಬಹುದು. 48-47 ಅಂತ ಬಂದರೆ ಅದರಲ್ಲಿ ಮುಂದಿರುವವರು ಅಂತ ಯಾರೂ ಇಲ್ಲ.

ಇನ್ನು ಏಳೂ ರಾಜ್ಯ ಒಂದೇ ಕಡೆ ಹೋದದ್ದು. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ. ಇವು ಏಳು ಬೇರೆ ಬೇರೆ ನಾಣ್ಯ ಚಿಮ್ಮಿದ ಹಾಗಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿದ ದೋಣಿಗಳನ್ನು ನೋಡಿದ್ದೀರಲ್ಲ, ಗಾಳಿ ಬೀಸಿದರೆ ಎಲ್ಲವೂ ಒಂದೇ ಕಡೆ ತಿರುಗುತ್ತವೆ. ಒಂದು ರಾಜ್ಯದಲ್ಲಿ ಟ್ರಂಪ್ ಬೆಂಬಲಿಗರು ಸಮೀಕ್ಷೆಗೆ ಸಿಗಲಿಲ್ಲ ಅಂದರೆ ಪಕ್ಕದ ರಾಜ್ಯದಲ್ಲೂ ಅಂಥವರೇ ಸಿಕ್ಕಿರುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ಅಂತರ ಸುಮಾರು 29 ಸಾವಿರ ಮತ, ಶೇ. 1ಕ್ಕಿಂತಲೂ ಕಡಿಮೆ. ಗಾಳಿ ಸ್ವಲ್ಪ ಆ ಕಡೆ ಬೀಸಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತು. ನಿಮ್ಮ ಮಗ ಹೇಳಿದ್ದು ಸರಿಯೇ.

ಪ್ರಶ್ನೆ: ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅಂತಾರೆ. ಆದರೆ 15 ಕೋಟಿಗೂ ಹೆಚ್ಚು ಜನ ಓಟು ಹಾಕುವ ದೇಶದಲ್ಲಿ ಸಾವಿರ ಜನರನ್ನು ಕೇಳಿ ಹೇಗೆ ಹೇಳ್ತಾರೆ? ನನಗಂತೂ ನಂಬಿಕೆ ಇಲ್ಲ.
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಅನ್ನದ ಮಾತು ಒಂದೇ ಪಾತ್ರೆ, ಒಂದೇ ನೀರು, ಒಂದೇ ಬೆಂಕಿ ಇದ್ದಾಗ ಸರಿ. ಮತದಾರರು ಹಾಗಲ್ಲ. ನಿಮಗೆ ಅಡಿಕೆಯ ಉದಾಹರಣೆಯೇ ಹತ್ತಿರ. ಟೆಂಡರಿಗೆ ಇಟ್ಟ ಚೀಲದ ಬಾಯಿ ಬಿಚ್ಚಿ ಮೇಲಿನ ಬೊಗಸೆ ನೋಡಿದರೆ ಒಳ್ಳೇ ಚಾಲಿ ಅಡಿಕೆ ಕಾಣಬಹುದು, ಕೆಳಗೆ ಕೋಕಾ, ಗೋಟಿನಂಥ ಕಡಿಮೆ ದರ್ಜೆಯದು ಬೆರೆತಿರಬಹುದು. ಅನುಭವಿ ವ್ಯಾಪಾರಿ ಕೈಯನ್ನು ತಳದವರೆಗೂ ಹಾಕಿ ಮುಷ್ಟಿ ತೆಗೆಯುತ್ತಾನೆ. ಮುಷ್ಟಿ ಚಿಕ್ಕದಾದರೂ ಪರವಾಗಿಲ್ಲ, ಎಲ್ಲಾ ಕಡೆಯಿಂದ ಬಂದಿರಬೇಕು.

ಇದನ್ನು ಅಮೆರಿಕದವರು ಪೆಟ್ಟು ತಿಂದೇ ಕಲಿತರು. 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಮೀರಿ ಉತ್ತರ ಬಂತು. ಅಷ್ಟು ದೊಡ್ಡ ಮುಷ್ಟಿ! ರಿಪಬ್ಲಿಕನ್ ಪಕ್ಷದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಆದರೆ ಆಗಿನ 48 ರಾಜ್ಯಗಳಲ್ಲಿ 46ನ್ನು ಅಧಿಕಾರದಲ್ಲಿದ್ದ ಅಧ್ಯಕ್ಷ ರೂಸ್‌ವೆಲ್ಟ್ ಗೆದ್ದರು. ಯಾಕೆ ಗೊತ್ತಾ? ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಪುಸ್ತಕ ಮತ್ತು ಕಾರು ನೋಂದಣಿ ಪಟ್ಟಿಯಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಸ್ಥಿತಿವಂತರು. ಅದೂ ಅಲ್ಲದೆ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಮುತುವರ್ಜಿಯಿಂದ ಕಾರ್ಡು ವಾಪಸ್ ಕಳಿಸಿದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬ ಸಮೀಕ್ಷಕರು ತುಂಬಾ ಕಡಿಮೆ ಜನರನ್ನು ಕೇಳಿ ಗೆಲ್ಲುವವರ ಹೆಸರು ಸರಿಯಾಗಿ ಹೇಳಿದರು. ಆ ಪತ್ರಿಕೆ 1938ರಲ್ಲಿ ಮುಚ್ಚಿಹೋಯಿತು.

ಈಗಿನ ಕಷ್ಟ ಬೇರೆ. ಜನ ಫೋನೇ ಎತ್ತುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 1997ರಲ್ಲಿ ನೂರಕ್ಕೆ 36 ಜನ ಉತ್ತರ ಕೊಡುತ್ತಿದ್ದರು, 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಉಳಿದ 94 ಜನರ ಮನಸ್ಸು ಈ ಆರು ಜನರ ಹಾಗೇ ಇದೆಯಾ ಎನ್ನುವುದರ ಮೇಲೆ ಎಲ್ಲಾ ನಿಂತಿದೆ. 2016ರಲ್ಲಿ ಆದದ್ದು ಇದೇ ಥರದ ತಪ್ಪು. ಕಾಲೇಜು ಓದಿದವರು ಸಮೀಕ್ಷೆಗೆ ಜಾಸ್ತಿ ಸಿಗುತ್ತಾರೆ, ಅವರಲ್ಲಿ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಕಡೆಯವರು ಜಾಸ್ತಿ ಇದ್ದರು, ಆದರೆ ರಾಜ್ಯಮಟ್ಟದ ಎಷ್ಟೋ ಸಮೀಕ್ಷೆಗಳು ಓದಿನ ಲೆಕ್ಕ ಹಿಡಿದು ಅಂಕಿಯನ್ನು ಸರಿಮಾಡಲೇ ಇಲ್ಲ. ನಿಮ್ಮ ಅನುಮಾನ ಸರಿ ಇದೆ. ಆದರೆ ಅನುಮಾನ ಪಡಬೇಕಾದ್ದು "ಸಾವಿರ" ಎಂಬ ಸಂಖ್ಯೆಯ ಮೇಲಲ್ಲ, ಆ ಸಾವಿರ ಯಾರು ಎನ್ನುವುದರ ಮೇಲೆ.

ಪ್ರಶ್ನೆ: ಜಾಸ್ತಿ ಓಟು ಬಿದ್ದವರೇ ಸೋಲುವುದು ನ್ಯಾಯವಾ?
— ಕಾಲೇಜು ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗಿ, ಅಲ್ಲಿ ಗೆಲ್ಲಲು ಬೇಕಾದ್ದು 538 ಎಲೆಕ್ಟೋರಲ್ ಮತಗಳಲ್ಲಿ (ಅಧ್ಯಕ್ಷರನ್ನು ಆರಿಸುವ ರಾಜ್ಯಗಳ ಪ್ರತಿನಿಧಿಗಳ ಮತ) 270. ಅವು ರಾಜ್ಯವಾರು ಹಂಚಿಕೆಯಾಗಿವೆ, ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ ಕಡೆ ರಾಜ್ಯ ಗೆದ್ದವರಿಗೇ ಅಷ್ಟೂ ಸಿಗುತ್ತವೆ. 2000ದಲ್ಲಿ ಬುಷ್ ಎದುರು ನಿಂತ ಅಲ್ ಗೋರ್‌ಗೆ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಇತ್ತು, ಫ್ಲೋರಿಡಾದಲ್ಲಿ 537 ಮತ ಕಡಿಮೆ ಬಿತ್ತು, ಸೋತರು. ನಮ್ಮಲ್ಲೂ ಇಂಥದ್ದು ಆಗುತ್ತದೆ. 2018ರ ಕರ್ನಾಟಕ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38 ಮತ, ಬಿಜೆಪಿಗೆ ಸುಮಾರು ಶೇ. 36. ಆದರೂ ಬಿಜೆಪಿಗೆ 104 ಸ್ಥಾನ ಬಂತು, ಕಾಂಗ್ರೆಸ್‌ಗೆ ಬಂದದ್ದು 80ರ ಆಸುಪಾಸು. ನನ್ನ ಮಟ್ಟಿಗೆ, ಒಬ್ಬನೇ ಅಧ್ಯಕ್ಷನನ್ನು ಆರಿಸುವಾಗ ನೇರವಾಗಿ ಒಟ್ಟು ಮತ ಎಣಿಸುವುದೇ ಸರಿ.

ಪ್ರಶ್ನೆ: 2024ರಲ್ಲಿ ಅಮೆರಿಕದಲ್ಲಿ ಬೆಲೆ ಏರಿಕೆ ಕಡಿಮೆಯಾಗಿತ್ತು, ಕೆಲಸಗಳೂ ಇದ್ದವು ಅಂತ ಪೇಪರಿನಲ್ಲಿ ಓದಿದ್ದೆ. ಹಾಗಿದ್ದರೂ ಮತದಾರರು ಆಳುತ್ತಿದ್ದ ಹ್ಯಾರಿಸ್ ಪಕ್ಷದ ಮೇಲೆ ಯಾಕೆ ಸಿಟ್ಟಾದರು?
— ಗೃಹಿಣಿ, ಹೊನ್ನಾವರ

ಉತ್ತರ: ಇದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ ಅಕ್ಕ. ಅಲ್ಲಿ ಬೆಲೆ ಏರಿಕೆ 2022ರ ಜೂನ್‌ನಲ್ಲಿ ಶೇ. 9.1ಕ್ಕೆ ಮುಟ್ಟಿತ್ತು. 2024ರ ಕೊನೆಗೆ ಶೇ. 3ಕ್ಕಿಂತ ಕೆಳಗೆ ಬಂತು. ಸರ್ಕಾರದವರು "ಇಳಿಯಿತು" ಅಂದರು. ಆದರೆ ಇಳಿದದ್ದು ಏರುವ ವೇಗ, ಬೆಲೆ ಅಲ್ಲ. ಕೊಬ್ಬರಿ ಎಣ್ಣೆ ಒಂದು ಸಲ ಮೇಲೆ ಹೋಗಿ ಅಲ್ಲೇ ನಿಂತರೆ "ಇನ್ನು ಏರುತ್ತಿಲ್ಲವಲ್ಲ" ಅಂತ ನೀವು ಸಮಾಧಾನ ಮಾಡಿಕೊಳ್ಳುತ್ತೀರಾ? ಅಲ್ಲಿನ ಮನೆಗಳಲ್ಲಿ ಮೊಟ್ಟೆ, ಬಾಡಿಗೆ, ಪೆಟ್ರೋಲು ಹಿಡಿದುಕೊಂಡು ಇದೇ ಮಾತು. ಮತಗಟ್ಟೆಯಿಂದ ಹೊರಬಂದವರಲ್ಲಿ ಮೂರರಲ್ಲಿ ಎರಡು ಪಾಲು ಜನ ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿಲ್ಲ ಅಂತಲೇ ಹೇಳಿದ್ದರು. ಸಮೀಕ್ಷೆಗಳು ಇದನ್ನು ತಿಂಗಳುಗಟ್ಟಲೆ ಮೊದಲೇ ಹೇಳುತ್ತಿದ್ದವು. ಯಾರು ಮುಂದೆ, ಯಾರು ಹಿಂದೆ ಎಂಬ ಸಾಲನ್ನಷ್ಟೇ ಓದಿದವರಿಗೆ ಅದು ಕಾಣಲಿಲ್ಲ.

ಪ್ರಶ್ನೆ: ಇಷ್ಟೆಲ್ಲ ಗೊಂದಲ ಯಾಕೆ, ಸಮೀಕ್ಷೆ ನಿಷೇಧಿಸಿದರೆ ಆಗದಾ?
— ನಿವೃತ್ತ ನೌಕರರು, ಕಾರವಾರ

ಉತ್ತರ: ಬೇಡ. ನಮ್ಮಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ಪ್ರಕಟಿಸುವಂತಿಲ್ಲ, ಅದು ಒಳ್ಳೆಯ ನಿಯಮ. ಅಮೆರಿಕದಲ್ಲಿ 1980ರಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಇನ್ನೂ ಮತದಾನ ನಡೆಯುತ್ತಿದ್ದಾಗಲೇ ಟಿವಿಯವರು ರೇಗನ್ ಗೆದ್ದರು ಅಂದರು, ಎದುರಾಳಿ ಕಾರ್ಟರ್ ಸೋಲು ಒಪ್ಪಿಕೊಂಡೂ ಬಿಟ್ಟರು. ಸಾಲಿನಲ್ಲಿ ನಿಂತವರ ಮನಸ್ಸು ಏನಾಗಿರಬೇಕು ಹೇಳಿ. ಆದರೆ ಪೂರ್ತಿ ನಿಷೇಧಿಸಿದರೆ ಪಕ್ಷಗಳ ಬಳಿ ಮಾತ್ರ ಅಂಕಿ ಉಳಿಯುತ್ತದೆ, ನಮಗೆ ಸಿಗುವುದು ಗಾಳಿಮಾತು. ಯಾರನ್ನು ಕೇಳಿದರು, ಏನು ಕೇಳಿದರು, ದುಡ್ಡು ಕೊಟ್ಟವರು ಯಾರು ಎಂದು ಕಡ್ಡಾಯವಾಗಿ ಹೇಳಿಸಬೇಕು.

ಒಂದು ಉದಾಹರಣೆ ನನಗೆ ಬಹಳ ಮೆಚ್ಚುಗೆ. ಅಯೋವಾ ರಾಜ್ಯದಲ್ಲಿ ಆನ್ ಸೆಲ್ಜರ್ ಅವರ ಸಮೀಕ್ಷೆಗೆ ದೊಡ್ಡ ಹೆಸರಿತ್ತು. 2024ರಲ್ಲಿ ಮತದಾನಕ್ಕೆ ಮೂರು ದಿನ ಮೊದಲು ಹ್ಯಾರಿಸ್ ಶೇ. 3ರಷ್ಟು ಮುಂದೆ ಅಂತ ಅವರ ಅಂಕಿ ಬಂತು. ಟ್ರಂಪ್ ಗೆದ್ದದ್ದು ಶೇ. 13ರಿಂದ. ದೊಡ್ಡ ತಪ್ಪೇ. ಆದರೆ ಉಳಿದವರ ಅಂಕಿಗೆ ಹೊಂದುವುದಿಲ್ಲ ಅಂತ ಅವರು ಬಚ್ಚಿಡಲಿಲ್ಲ, ಸಿಕ್ಕಿದ್ದನ್ನು ಸಿಕ್ಕ ಹಾಗೇ ಕೊಟ್ಟರು. ಎಲ್ಲರೂ ಪಕ್ಕದವರ ಅಂಕಿ ನೋಡಿ ತಮ್ಮದನ್ನು ತಿದ್ದಿಕೊಂಡರೆ ಹತ್ತು ಸಮೀಕ್ಷೆ ಇದ್ದೂ ಒಂದೇ ಇದ್ದ ಹಾಗೆ.

ಪ್ರಶ್ನೆ: ಮಗಳಿಗೆ ಅಲ್ಲಿನ ಪೌರತ್ವ ಸಿಕ್ಕಿದೆ, ಇರುವುದು ಪಿಟ್ಸ್‌ಬರ್ಗ್‌ನಲ್ಲಿ. "ಸಮೀಕ್ಷೆಯಲ್ಲೇ ಎಲ್ಲಾ ಗೊತ್ತಾಗ್ತದೆ, ನನ್ನ ಒಂದು ಓಟಿನಿಂದ ಏನು?" ಅಂತಾಳೆ.
— ತಾಯಿ, ಯಲ್ಲಾಪುರ

ಉತ್ತರ: ಅವಳಿರುವುದು ಪೆನ್ಸಿಲ್ವೇನಿಯಾದಲ್ಲಿ! 19 ಎಲೆಕ್ಟೋರಲ್ ಮತ ಇರುವ ರಾಜ್ಯ. ಸುಮಾರು 60-70 ಲಕ್ಷ ಜನ ಓಟು ಹಾಕುವ ಅಲ್ಲಿ 2016ರಲ್ಲಿ ಅಂತರ ಸುಮಾರು 44 ಸಾವಿರ, 2020ರಲ್ಲಿ ಸುಮಾರು 80 ಸಾವಿರ. ಎರಡು ಸಲ ಗೆದ್ದದ್ದು ಎರಡು ಬೇರೆ ಪಕ್ಷ. ದೇಶದಲ್ಲಿ ಅವಳ ಓಟಿಗಿಂತ ಹೆಚ್ಚು ತೂಕದ ಓಟು ಸಿಗುವುದು ಕಷ್ಟ. ಆದರೆ ನಮ್ಮ ಹಾಗೆ ಅಲ್ಲಿ ಯಾರೂ ಮನೆಗೆ ಬಂದು ಪಟ್ಟಿಗೆ ಹೆಸರು ಸೇರಿಸುವುದಿಲ್ಲ. ತಾನೇ ನೋಂದಾಯಿಸಿಕೊಳ್ಳಬೇಕು, ಆ ರಾಜ್ಯದಲ್ಲಿ ಮತದಾನಕ್ಕೆ 15 ದಿನ ಮೊದಲೇ ಆಗಬೇಕು, ಆನ್‌ಲೈನ್‌ನಲ್ಲೂ ಮಾಡಬಹುದು. ಇನ್ನೊಂದು ಮಾತು ಹೇಳಿ. ಸಮೀಕ್ಷೆಯವರ ಫೋನು ಬಂದರೆ, ಯಾವ ಸಂಸ್ಥೆ ಅಂತ ಕೇಳಿಕೊಂಡು ಐದು ನಿಮಿಷ ಉತ್ತರ ಕೊಡಲಿ. ಬ್ಯಾಂಕು, ಸೋಷಿಯಲ್ ಸೆಕ್ಯುರಿಟಿ ನಂಬರು (ನಮ್ಮ ಆಧಾರ್ ಥರದ್ದು) ಕೇಳಿದರೆ ಮಾತ್ರ ಆ ಕ್ಷಣವೇ ಇಡಲಿ, ಅದು ಸಮೀಕ್ಷೆ ಅಲ್ಲ.