ಕಾದಂಬರಿಕಾರರ ಸಂವಾದ ಓದಿ ಕಾದಂಬರಿ ಬರೆಯೋದು ಕಲಿಯಬಹುದಾ?

ಕೊಲಂಬಿಯಾದ ಮಾರ್ಕ್ವೆಜ್, ಪೆರುವಿನ ವರ್ಗಾಸ್ ಯೋಸಾ ಇಂಥ ಕಾದಂಬರಿಕಾರರೆಲ್ಲ ಆಡಿದ ಸಂವಾದಗಳನ್ನು ಓದಿ ಬರೆಯುವ ತಂತ್ರ ಕಲಿಯಬಹುದಾ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂತು. ಹತ್ತು ವರ್ಷದ ಹಿಂದೆ ನಾನು ಮಾಡಿದ್ದು ಇದನ್ನೇ. ಮೂರು ವರ್ಷ ಹೋಯಿತು.

ನನ್ನ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇತ್ತು. ಸಂದರ್ಶನ ಸಿಕ್ಕರೆ ಸಾಕು, ಉತ್ತರಗಳನ್ನು ಅದರಲ್ಲಿ ಇಳಿಸಿಕೊಳ್ಳುತ್ತಿದ್ದೆ. ಪ್ಯಾರಿಸ್ ರಿವ್ಯೂ ಅನ್ನೋ ಸಾಹಿತ್ಯ ಪತ್ರಿಕೆಯ 1981ರ ಸಂದರ್ಶನದಲ್ಲಿ ಮಾರ್ಕ್ವೆಜ್ ಒಂದು ಮಾತು ಹೇಳುತ್ತಾರೆ. ಆನೆಗಳು ಹಾರುತ್ತಿವೆ ಅಂದರೆ ಯಾರೂ ನಂಬಲ್ಲ, 425 ಆನೆಗಳು ಹಾರುತ್ತಿವೆ ಅಂದರೆ ಬಹುಶಃ ನಂಬುತ್ತಾರೆ ಅಂತ. ಅದಕ್ಕೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದೆ.

ಆಗ ಬರೆಯುತ್ತಿದ್ದದ್ದು ಶರಾವತಿ ಹಿನ್ನೀರಲ್ಲಿ ಮುಳುಗಿದ ನಮ್ಮಜ್ಜಿಯ ಊರಿನ ಕಥೆ. ಊರು ಮುಳುಗುವ ದಿನ 317 ಕಾಗೆಗಳು ದೇವಸ್ಥಾನವನ್ನು ಎತ್ತಿಕೊಂಡು ಹಾರಿಹೋದವು ಅಂತ ಬರೆದೆ. ಬಹಳ ಖುಷಿಯಿಂದ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡರು.

"ಕಾಗೆ ಎಣಿಸ್ತಾ ಕೂತವ್ರು ಯಾರೋ? ನಾವೆಲ್ಲ ಹಂಚು ಇಳಿಸ್ತಿದ್ವಿ."

ಆಮೇಲೆ ಅವರೇ ಹೇಳಿದರು. ಬಾಗಿಲು, ಕಿಟಕಿ, ತೊಲೆ ಎಲ್ಲ ಗಾಡಿಗೆ ಹಾಕಿದ್ರಂತೆ. ಹೊಸಿಲು ಕೀಳೋಕೆ ಮಾತ್ರ ಅಜ್ಜ ಒಪ್ಪಲಿಲ್ಲ. ಹೊರಡೋ ದಿನ ಬೆಳಿಗ್ಗೆ, ಗೋಡೆ ಮಾಡು ಏನೂ ಇಲ್ಲದ ಆ ಹೊಸಿಲಿಗೆ ಅಜ್ಜಿ ನೀರು ಹಾಕಿ, ರಂಗೋಲಿ ಇಟ್ಟು ಬಂದರಂತೆ. ಇಷ್ಟು ವರ್ಷ ನಾನು ಇದನ್ನು ಕೇಳಿಯೇ ಇರಲಿಲ್ಲ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಮಾಡುವಾಗ ಅದು ತಪ್ಪು ಅಂತ ಕಾಣಲ್ಲ, ಅಭ್ಯಾಸ ಅಂತ ಕಾಣುತ್ತೆ. ನಾನು ಉತ್ತರಗಳನ್ನು ಮಾತ್ರ ಬರೆದುಕೊಂಡೆ. ಆ ಉತ್ತರ ಬಂದದ್ದು ಪುಸ್ತಕ ಮುಗಿದ ಮೇಲೆ. 425 ಅನ್ನೋದು ಪತ್ರಿಕೆಯವರ ಉಪಾಯ ಅಂತ ಮಾರ್ಕ್ವೆಜ್ ಅಲ್ಲೇ ಹೇಳಿದ್ದಾರೆ. ಅವರು ವರ್ಷಗಟ್ಟಲೆ ಪತ್ರಿಕೆಗೆ ವರದಿ ಬರೆದವರು, ನಾನು ಏನನ್ನೂ ಎಣಿಸಿದವನಲ್ಲ. ಅದೇ ಸಂದರ್ಶನದಲ್ಲಿ ಇನ್ನೊಂದು ಮಾತಿದೆ. ಅವರ 'ನೂರು ವರ್ಷಗಳ ಏಕಾಂತ' ಕಾದಂಬರಿಯಲ್ಲಿ ಸುಂದರಿ ರೆಮೆದಿಯೋಸ್ ಸ್ವರ್ಗಕ್ಕೆ ಏರುವ ಭಾಗ ಅವರಿಗೆ ಎಷ್ಟು ಬರೆದರೂ ನಂಬುವ ಹಾಗೆ ಆಗುತ್ತಿರಲಿಲ್ಲ. ಒಂದು ದಿನ ಹಿತ್ತಲಿಗೆ ಹೋದರೆ, ಬಟ್ಟೆ ಒಗೆಯುವ ಹೆಂಗಸು ಹಾಸಿಗೆ ಬಟ್ಟೆ ಒಣಗಿ ಹಾಕುತ್ತಿದ್ದಳು. ಜೋರು ಗಾಳಿ. ಬಟ್ಟೆ ಹಾರಿಸಿಕೊಂಡು ಹೋಗಬೇಡ ಅಂತ ಗಾಳಿಯ ಜೊತೆ ಜಗಳ ಆಡುತ್ತಿದ್ದಳು. ಆ ಬಟ್ಟೆಗಳನ್ನು ಕೊಟ್ಟ ಮೇಲೆ ರೆಮೆದಿಯೋಸ್ ಮೇಲೇರಿದಳು. ಇದನ್ನೂ ನಾನು ಓದಿದ್ದೆ. ಇದಕ್ಕೆ ಗೆರೆ ಎಳೆಯಲಿಲ್ಲ, ಇದರಲ್ಲಿ ತಂತ್ರ ಏನಿದೆ ಅಂದುಕೊಂಡೆ. ನನ್ನ ಹಿತ್ತಲಲ್ಲಿ ಆ ಹೊಸಿಲಿತ್ತು, ನಾನು ಕಾಗೆ ಹಿಡಿದುಕೊಂಡು ಕೂತಿದ್ದೆ.

ಹಾಗಾದರೆ ಸಂವಾದ ಓದಲೇಬಾರದಾ? ಓದಿ. ಆದರೆ ಪ್ರಶ್ನೆ ಕೇಳುವವರನ್ನು ಓದಿ. 1967ರ ಸೆಪ್ಟೆಂಬರ್‌ನಲ್ಲಿ ಪೆರುವಿನ ರಾಜಧಾನಿ ಲಿಮಾದ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಯೋಸಾ, ಮಾರ್ಕ್ವೆಜ್ ಇಬ್ಬರೂ ವಿದ್ಯಾರ್ಥಿಗಳ ಎದುರು ಕೂತು ಮಾತಾಡಿದರು. 'ನೂರು ವರ್ಷಗಳ ಏಕಾಂತ' ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಯೋಸಾ ಶುರುವಿನಲ್ಲೇ ಕೇಳುತ್ತಾರೆ: ಬರಹಗಾರನಾಗಿ ನಿನ್ನಿಂದ ಏನು ಉಪಯೋಗ? ಯಾವುದಕ್ಕೂ ಉಪಯೋಗವಿಲ್ಲ ಅಂತ ಗೊತ್ತಾದಾಗಲೇ ಬರಹಗಾರನಾದೆ ಅಂತ ಮಾರ್ಕ್ವೆಜ್ ಹೇಳುತ್ತಾರೆ, ಅಪ್ಪನ ಔಷಧಿ ಅಂಗಡಿಯ ಕಥೆ ತೆಗೆಯುತ್ತಾರೆ. ನಾನು ಆ ಉತ್ತರವನ್ನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆದರೆ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಯೋಸಾ ವೆನೆಜುವೆಲಾದ ಕಾರಕಾಸ್‌ನಲ್ಲಿ ರೊಮುಲೊ ಗಾಯೆಗೋಸ್ ಅನ್ನೋ ಕಾದಂಬರಿ ಪ್ರಶಸ್ತಿ ತೆಗೆದುಕೊಳ್ಳುತ್ತಾ, ಸಾಹಿತ್ಯ ಅಂದರೆ ಬೆಂಕಿ ಅಂತ ಭಾಷಣ ಮಾಡಿದ್ದರು. ಅಂದರೆ ಲಿಮಾದ ಆ ಪ್ರಶ್ನೆ ಅವರನ್ನೇ ಕಾಡುತ್ತಿದ್ದದ್ದು. ನಿಮ್ಮನ್ನು ಏನು ಕಾಡುತ್ತಿದೆ ಅಂತ ಗೊತ್ತಾಗದೆ ಇವರ ಮಾತು ಓದಿದರೆ ಸುಮ್ನೆ ಗೆರೆ ಎಳೆಯುತ್ತಾ ಕೂರುತ್ತೀರಿ. (1976ರಲ್ಲಿ ಯೋಸಾ ಮಾರ್ಕ್ವೆಜ್‌ಗೆ ಗುದ್ದಿದ ಕಥೆಗೂ ಜಾಸ್ತಿ ಸಮಯ ಕೊಡಬೇಡಿ. ನಾನು ಅದಕ್ಕೂ ನಾಲ್ಕು ಪುಟ ಕೊಟ್ಟಿದ್ದೆ.)

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂವಾದ ಒಂದೇ ಸಾಲಿನದು. ಮಾರ್ಕ್ವೆಜ್ 1961ರಲ್ಲಿ ಮೆಕ್ಸಿಕೋಗೆ ಬಂದರು. ಆ ದಿನಗಳಲ್ಲಿ ಗೆಳೆಯ ಆಲ್ವಾರೊ ಮುತಿಸ್ ಏಳು ಮಹಡಿ ಹತ್ತಿಕೊಂಡು ಅವರ ಮನೆಗೆ ಹೋಗಿ, ಪುಸ್ತಕದ ಕಟ್ಟಿನಿಂದ ಎಲ್ಲಕ್ಕಿಂತ ಸಣ್ಣದನ್ನು ತೆಗೆದು, ಇದನ್ನು ಓದಿ ಕಲಿ ಅಂದರು. ಅದು ಮೆಕ್ಸಿಕೋದ ಹುವಾನ್ ರುಲ್ಫೊ ಅವರ ಕಾದಂಬರಿ 'ಪೆದ್ರೊ ಪರಾಮೊ', 1955ರದ್ದು. ಮಾರ್ಕ್ವೆಜ್ ಆ ರಾತ್ರಿ ಅದನ್ನು ಎರಡು ಸಲ ಓದುವ ತನಕ ಮಲಗಲಿಲ್ಲ.

ನೀವೂ ಅಲ್ಲಿಂದಲೇ ಶುರು ಮಾಡಿ. ಮುನ್ನುಡಿ ಬಿಟ್ಟುಬಿಡಿ. ಮುಗಿದ ಮೇಲೆ ನಿಮ್ಮಲ್ಲಿ ಎದ್ದ ಒಂದೇ ಒಂದು ಪ್ರಶ್ನೆ ಬರೆದಿಡಿ, ಆಮೇಲೆ ಬೇಕಾದರೆ ಸಂದರ್ಶನ ಹುಡುಕಿ. ನನ್ನ ಪ್ರಶ್ನೆ ಇದು: ಈ ಕಾದಂಬರಿಯ ಊರಲ್ಲಿ ಮಾತಾಡುತ್ತಿರುವವರೆಲ್ಲ ಸತ್ತವರು ಅಂತ ನನಗೆ ಗೊತ್ತಾಗಿದ್ದು ಯಾವ ಸಾಲಿನಲ್ಲಿ? ಐದು ಸಲ ಓದಿದ್ದೇನೆ. ಪ್ರತಿ ಸಲವೂ ಬೇರೆ ಸಾಲು ಸಿಗುತ್ತದೆ.