ಬಗ್ ಎಣಿಸಿ ಸಂಬಳ ಕೊಡಬೇಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂರೂ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರದ್ದು, ಅಂದರೆ ಸಾಫ್ಟ್‌ವೇರ್‌ನಲ್ಲಿರುವ ತಪ್ಪುಗಳನ್ನು (ಬಗ್) ಹುಡುಕುವವರದ್ದು. ಮೂರರಲ್ಲೂ ಗುರಿ, ಅಂಕಿ, ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ಮಾತು. ನಾನು 22 ವರ್ಷ ಇದೇ ಕೆಲಸ ಮಾಡಿದವಳು. ಮೊದಲ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಅದರ ಉತ್ತರ ಉದ್ದವಾಗಿದೆ.

ಪ್ರಶ್ನೆ: ನಮ್ಮದು ಹಳ್ಳಿಯ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ. ರೈತರು ಬೆಳಿಗ್ಗೆ, ಸಂಜೆ ಹಾಲು ತಂದಾಗ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ದುಡ್ಡಿನ ಲೆಕ್ಕ ಹಾಕುತ್ತದೆ. ಆಮೇಲೆ ರೈತರ ಮೊಬೈಲಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುತ್ತದೆ. ಟೆಸ್ಟಿಂಗ್ ಟೀಮಿನಲ್ಲಿ ಆರು ಜನ ಇದ್ದೇವೆ, ನಾನು ಲೀಡ್. ಮುಂದಿನ ಕ್ವಾರ್ಟರ್‌ಗೆ ಅಳೆಯಲು ಬರುವ ಗುರಿಗಳನ್ನು ಬರೆದು ಕೊಡಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಅವರೇ ಮೂರು ಸೂಚಿಸಿದ್ದಾರೆ: ಒಬ್ಬೊಬ್ಬರೂ ತಿಂಗಳಿಗೆ 15 ಬಗ್ ಹಿಡಿಯಬೇಕು, ಶೇ. 100 ಆಟೊಮೇಷನ್ (ಟೆಸ್ಟ್‌ಗಳನ್ನು ಕಂಪ್ಯೂಟರೇ ಓಡಿಸುವುದು) ಆಗಬೇಕು, ರಿಲೀಸ್ ಆದ ಮೇಲೆ ಒಂದೂ ಬಗ್ ಬರಬಾರದು. ಅಪ್ರೈಸಲ್ ಕೂಡ ಇದರ ಮೇಲೆಯೇ ಅಂತೆ. ಕಳೆದ ರಿಲೀಸ್‌ಗೆ ಮುಂಚೆ ನಾವು 84 ಬಗ್ ಹಿಡಿದಿದ್ದೆವು. ಆಮೇಲೆ ಎರಡು ತಿಂಗಳಲ್ಲಿ ಡೇರಿಗಳಿಂದ 21 ಬಂದವು. ಅದರಲ್ಲಿ 6 ದುಡ್ಡಿನ ಲೆಕ್ಕ ತಪ್ಪಿದ್ದು. ಆಟೊಮೇಷನ್ ಟೆಸ್ಟ್ 400 ಇವೆ, ರಾತ್ರಿ ಓಡುತ್ತವೆ. ಬೆಳಿಗ್ಗೆ ನೋಡಿದರೆ 30ರಷ್ಟು ಕೆಂಪು, ಅಂದರೆ ಫೇಲ್. ಮತ್ತೆ ಓಡಿಸಿದರೆ ಹೆಚ್ಚಿನವು ಹಸಿರಾಗುತ್ತವೆ. ನಾನು ಏನು ಬರೆದು ಕೊಡಲಿ? — ಟೆಸ್ಟ್ ಲೀಡ್, ಬೆಂಗಳೂರು

ಉತ್ತರ: ತಲೆಗೆ 15 ಬಗ್ ಎನ್ನುವ ಸಾಲನ್ನು ಮೊದಲು ಹೊಡೆದು ಹಾಕಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

2011ರ ಏಪ್ರಿಲ್‌ನಲ್ಲಿ ನಾನೇ ಇಂಥ ಗುರಿ ಬರೆದಿದ್ದೆ. ಸಾಲದ ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್, ಒಂಬತ್ತು ಜನರ ಟೀಮು. ಎರಡೇ ತಿಂಗಳಲ್ಲಿ ಬಗ್‌ಗಳ ಸಂಖ್ಯೆ ಜಾಸ್ತಿ ಆಯಿತು. ಮೇಲಿನವರಿಗೆ ಖುಷಿ, ನನಗೂ ಖುಷಿ. ಒಳಗೆ ಏನಾಗಿತ್ತು ಗೊತ್ತಾ? ಒಂದೇ ತಪ್ಪು ಹೆಸರು ಐದು ಪರದೆಗಳಲ್ಲಿ ಕಂಡರೆ ಐದು ಬಗ್ ಬರೆಯುತ್ತಿದ್ದರು. ಬಟನ್ ಎರಡು ಎಳೆ ಆಚೀಚೆ ಆದರೆ ಒಂದು ಬಗ್. ಡೆವಲಪರ್‌ಗಳು ಅರ್ಧ ದಿನ ಇದು ಬಗ್ ಹೌದಾ ಅಲ್ವಾ ಎಂದು ವಾದ ಮಾಡುತ್ತಾ ಕೂರುತ್ತಿದ್ದರು.

ಟೀಮಿನಲ್ಲಿ ಒಬ್ಬ ಹುಡುಗ ಇದ್ದ. ಕೋಡ್ ಬರೆಯುವುದಕ್ಕೆ ಮುಂಚೆಯೇ ಡೆವಲಪರ್ ಪಕ್ಕ ಕೂತು ಪ್ರಶ್ನೆ ಕೇಳುವುದು ಅವನ ಅಭ್ಯಾಸ. "ಸಾಲಗಾರ ಕಂತನ್ನು ಎರಡು ಸಲ ಕಟ್ಟಿಬಿಟ್ಟರೆ?" "ತಿಂಗಳ 31ನೇ ತಾರೀಕು ಸಾಲ ತಗೊಂಡರೆ ಮುಂದಿನ ತಿಂಗಳ ಕಂತು ಯಾವತ್ತು?" ಹೀಗೆ ಕೇಳಿದಾಗ ತಪ್ಪು ಕೋಡಿಗೆ ಇಳಿಯುವುದೇ ಇಲ್ಲ. ಇಳಿಯದ ತಪ್ಪನ್ನು ಬಗ್ ಎಂದು ಬರೆಯಲು ಬರುವುದಿಲ್ಲ. ಪಟ್ಟಿಯಲ್ಲಿ ಅವನದೇ ಕಡಿಮೆ ಸಂಖ್ಯೆ. "ನಿನ್ನ ಲೆಕ್ಕ ಹೆಚ್ಚಿಸಿಕೊ" ಎಂದು ನಾನೇ ಅವನಿಗೆ ಹೇಳಿದೆ. ಅವನು ಡೆವಲಪರ್‌ಗಳ ಜೊತೆ ಕೂರುವುದನ್ನು ಬಿಟ್ಟ. 2012ರ ಫೆಬ್ರವರಿ 29ಕ್ಕೆ ಸಾಲಗಳ ಒಂದು ದಿನದ ಬಡ್ಡಿ ಲೆಕ್ಕಕ್ಕೇ ಬರಲಿಲ್ಲ. ಅಧಿಕ ವರ್ಷದ ಪ್ರಶ್ನೆಯನ್ನು ಆ ವರ್ಷ ಯಾರೂ ಕೇಳಿರಲಿಲ್ಲ. ಅಪ್ರೈಸಲ್‌ನಲ್ಲಿ ಕಡಿಮೆ ಅಂಕ ಬಂದು ಅವನು ಕೆಲಸ ಬಿಟ್ಟ. ಆ ಹಾಳೆಗೆ ಸಹಿ ಹಾಕಿದ್ದು ನಾನು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

ಇಂಥದ್ದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಗುರುತಿಸಿದ್ದರು. ಅವರು ನೋಡಿದ್ದು ದೇಶದ ಹಣಕಾಸಿನ ಅಂಕಿಗಳನ್ನು. ಒಂದು ಅಂಕಿಯನ್ನು ಹಿಡಿದು ಜನರನ್ನು ನಡೆಸಲು ಹೊರಟರೆ ಜನ ಅಂಕಿಗೆ ತಕ್ಕಂತೆ ನಡೆಯುತ್ತಾರೆ, ಆಮೇಲೆ ಆ ಅಂಕಿ ನಿಜ ಹೇಳುವುದನ್ನು ನಿಲ್ಲಿಸುತ್ತದೆ. ನನ್ನ ಒಂಬತ್ತು ಜನರ ಟೀಮಿನಲ್ಲಿ ಆಗಿದ್ದೂ ಅದೇ.

ಹಾಗಾದರೆ ಏನು ಅಳೆಯಬೇಕು? ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಕ್ಟರ್ ಬೆಸಿಲಿ ಅವರು ನಾಸಾದ ಗಾಡರ್ಡ್ ಕೇಂದ್ರದ ಜೊತೆ ಕೆಲಸ ಮಾಡುವಾಗ ಒಂದು ದಾರಿ ತೋರಿಸಿದರು. ಮೊದಲು ಏನಾಗಬೇಕು ಎಂದು ಹೇಳಿ. ಅದು ಆಗುತ್ತಿದೆಯಾ ಎಂದು ತಿಳಿಯಲು ಯಾವ ಪ್ರಶ್ನೆ ಕೇಳಬೇಕು ನೋಡಿ. ಅಂಕಿ ಬರುವುದು ಕೊನೆಗೆ. ನಿಮ್ಮ ಮ್ಯಾನೇಜರ್ ಕೊನೆಯದನ್ನು ಮೊದಲು ಹಿಡಿದಿದ್ದಾರೆ, ಅಷ್ಟೇ. ಅವರ ಮನಸ್ಸಿನಲ್ಲಿ ಇರುವುದು ಏನು? ರೈತನಿಗೆ ದುಡ್ಡು ತಪ್ಪಾಗಿ ಹೋಗಬಾರದು, ಡೇರಿಯ ಕಾರ್ಯದರ್ಶಿ ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿ ಕೂಗಾಡಬಾರದು. ಅಲ್ವಾ? ಅಲ್ಲಿಂದ ಹಿಡಿಯಿರಿ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಅಂಕಿ ಅಡಗಿದೆ. ನೀವು ಹಿಡಿದದ್ದು 84, ತಪ್ಪಿಸಿಕೊಂಡದ್ದು 21, ಒಟ್ಟು 105. ಅಂದರೆ ನೂರಕ್ಕೆ 80 ನಿಮ್ಮ ಕೈಗೆ ಸಿಕ್ಕಿವೆ. ಇದು ಇಡೀ ಟೀಮಿನ ಅಂಕಿ, ಯಾರೊಬ್ಬರದ್ದೂ ಅಲ್ಲ. ಎರಡು ರಿಲೀಸ್‌ಗಳಲ್ಲಿ ಇದನ್ನು 88ಕ್ಕೆ ತರುತ್ತೇವೆ ಎಂದು ಬರೆಯಿರಿ. ಆದರೆ ಹುಷಾರು. ಚಿಲ್ಲರೆ ಬಗ್‌ಗಳನ್ನು ತುಂಬಿಸಿದರೂ ಇದು ಏರುತ್ತದೆ. ಅದಕ್ಕೆ ತೀವ್ರವಾದವುಗಳನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. 84ರಲ್ಲೂ 21ರಲ್ಲೂ ಅಂಥವು ಎಷ್ಟು ಎಂದು ಬೇರ್ಪಡಿಸಿ, ಇವತ್ತಿನ ಶೇಕಡಾವನ್ನು ಮತ್ತೆ ಹಾಕಿ, ಅಲ್ಲಿಂದ ಗುರಿ ಇಡಿ. ಯಾವುದು ತೀವ್ರ ಎಂದು ತೀರ್ಮಾನಿಸುವಾಗ ಡೇರಿಗಳ ಫೋನ್ ಎತ್ತುವ ಸಪೋರ್ಟ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ಡೆವಲಪರ್‌ಗೂ ಗೊತ್ತಿಲ್ಲ.

ಆ ಆರು ದುಡ್ಡಿನ ತಪ್ಪುಗಳಿಗೆ ಬೇರೆಯೇ ಗುರಿ ಬೇಕು. ನನಗೆ ತುಂಬಾ ಇಷ್ಟವಾದ ಜಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ದರಪಟ್ಟಿಯಲ್ಲಿ ಫ್ಯಾಟ್ 3.0ರಿಂದ 5.0ರವರೆಗೆ, ಎಸ್‌ಎನ್‌ಎಫ್ 8.0ರಿಂದ 9.0ರವರೆಗೆ, 0.1ರ ಹೆಜ್ಜೆಯಲ್ಲಿ ಇದೆ ಎಂದುಕೊಳ್ಳಿ. ಅಡ್ಡಕ್ಕೆ 21 ಮನೆ, ಉದ್ದಕ್ಕೆ 11. ಒಟ್ಟು 231 ಮನೆಗಳು. ಅಷ್ಟೇ! ಪ್ರತಿ ಮನೆಯ ದರವನ್ನೂ ಪ್ರತಿ ರಾತ್ರಿ ಒಂದು ಟೆಸ್ಟ್ ನೋಡಬಹುದು. "231ಕ್ಕೆ 231" ಎನ್ನುವುದು ಯಾರು ಬೇಕಾದರೂ ಎಣಿಸಿ ನೋಡಬಹುದಾದ ಗುರಿ. ಅದರ ಅಂಚುಗಳಿಗೂ ಟೆಸ್ಟ್ ಇರಲಿ. ಯಂತ್ರ 2.9 ಎಂದು ಕೊಟ್ಟರೆ ಏನು ಮಾಡುತ್ತದೆ? 3.45 ಎಂದು ಕೊಟ್ಟರೆ ಮೇಲಿನ ಮನೆಗೆ ಹೋಗುತ್ತದಾ, ಕೆಳಗಿನದಕ್ಕಾ? ಇದನ್ನು ತೀರ್ಮಾನಿಸಬೇಕಾದದ್ದು ಡೇರಿ, ನಿಮ್ಮ ಡೆವಲಪರ್ ಅಲ್ಲ. ಮತ್ತೊಂದು: ತಕ್ಕಡಿ ಕೆ.ಜಿ. ತೋರಿಸಿ ದರ ಲೀಟರಿನಲ್ಲಿದ್ದರೆ ಜೋಪಾನ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಹತ್ತು ಕೆ.ಜಿ. ಹಾಲು ಎಂದರೆ 9.71 ಲೀಟರ್. ಈ ಹೆಜ್ಜೆ ತಪ್ಪಿದರೆ ದಿನಕ್ಕೆರಡು ಸಲ, ಪ್ರತಿ ರೈತನ ಲೆಕ್ಕದಲ್ಲೂ, ನೂರಕ್ಕೆ ಮೂರು ರೂಪಾಯಿಯ ಹತ್ತಿರ ವ್ಯತ್ಯಾಸ.

ಎಸ್‌ಎಂಎಸ್ ಇನ್ನೊಂದು ಜಾಗ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗಿ ಹೋಗುತ್ತದೆ. ಒಂದರ ಬದಲು ಎರಡು ಸಂದೇಶದ ಖರ್ಚು. ಅದೂ ನಮ್ಮ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕ ಅಲ್ಲ. "ಕ್ಷೀ" ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ನಾಲ್ಕು: ಕ, ಅರ್ಧಾಕ್ಷರದ ಗುರುತು, ಷ, ಈಕಾರದ ಗುರುತು. ಉದ್ದ ಹೆಸರಿನ ರೈತರು, ದೊಡ್ಡ ಮೊತ್ತ, ಎರಡೂ ಸೇರಿದ ಸಂದೇಶ 70ರೊಳಗೆ ನಿಲ್ಲುತ್ತದಾ? ಹೆಸರು ಉದ್ದವಿರುವ 50 ರೈತರನ್ನು ಆರಿಸಿ, 50ಕ್ಕೆ 50 ಎಂದು ಗುರಿ ಇಡಿ.

ಶೇ. 100 ಆಟೊಮೇಷನ್ ಬೇಡ. ಹೊಸ ಪರದೆಯನ್ನು ಮೊದಲ ಸಲ ನೋಡುವಾಗ ಮನುಷ್ಯರ ಕಣ್ಣೇ ಬೇಕು. ಇರುವ 400ನ್ನು ಮೊದಲು ನಂಬುವಂತೆ ಮಾಡಿ. ದಿನಾ 30 ಕೆಂಪು ಎಂದರೆ ನೂರಕ್ಕೆ ಏಳೂವರೆ. ಸುಮ್ನೆ ಕೆಂಪಾಗುವ ಟೆಸ್ಟ್‌ಗಳ ನಡುವೆ ನಿಜವಾದ ಕೆಂಪು ಒಂದು ಇದ್ದರೆ ಯಾರು ನೋಡುತ್ತಾರೆ? ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಗೂಗಲ್‌ನವರೇ 2016ರಲ್ಲಿ ತಮ್ಮ ಟೆಸ್ಟ್‌ಗಳಲ್ಲಿ ಸುಮಾರು ಶೇ. 16ರಲ್ಲಿ ಇಂಥ ಚಂಚಲತೆ ಒಂದಿಷ್ಟಾದರೂ ಇದೆ ಎಂದು ಬರೆದಿದ್ದರು. ಮೂರು ತಿಂಗಳಲ್ಲಿ ಸುಳ್ಳು ಕೆಂಪು ದಿನಕ್ಕೆ ನಾಲ್ಕಕ್ಕಿಂತ ಕಡಿಮೆ ಆಗಬೇಕು ಎಂದು ಬರೆಯಿರಿ. ಅಷ್ಟರವರೆಗೆ ಹೊಸ ಟೆಸ್ಟ್ ಬರೆಯುವುದನ್ನು ಅರ್ಧಕ್ಕೆ ಇಳಿಸಿದರೂ ನಷ್ಟವಿಲ್ಲ.

ಇನ್ನು "ಒಂದೂ ಬಗ್ ಬರಬಾರದು". ಟೆಸ್ಟಿಂಗ್‌ನಿಂದ ಬಗ್ ಇದೆ ಎಂದು ತೋರಿಸಬಹುದು, ಇಲ್ಲ ಎಂದು ತೋರಿಸಲು ಆಗದು ಎಂದು ನೆದರ್ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಐವತ್ತು ವರ್ಷಗಳ ಹಿಂದೆಯೇ ಹೇಳಿದ್ದರು. ಅದರ ಬದಲು ಹೀಗೆ ಬರೆಯಿರಿ: ದುಡ್ಡಿನ ತಪ್ಪುಗಳು ಆರರಿಂದ ಒಂದಕ್ಕೆ ಇಳಿಯಬೇಕು. ತಪ್ಪಿಸಿಕೊಂಡ ಪ್ರತಿ ತೀವ್ರ ಬಗ್‌ಗೂ ಐದು ಕೆಲಸದ ದಿನಗಳೊಳಗೆ ಡೆವಲಪರ್ ಜೊತೆ ಕೂತು ಕಾರಣ ನೋಡಬೇಕು, ಅದಕ್ಕೊಂದು ಟೆಸ್ಟ್ ಸೇರಿಸಬೇಕು. ಎರಡನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ಕ್ವಾರ್ಟರ್ ಕೊನೆಗೆ ನಿಮ್ಮ ಮ್ಯಾನೇಜರ್‌ಗೆ ತೋರಿಸಲು ಎಲ್ಲಕ್ಕಿಂತ ಗಟ್ಟಿಯಾದ ಅಂಕಿ ಅದೇ ಆಗುತ್ತದೆ.

ಅಪ್ರೈಸಲ್ ವಿಷಯದಲ್ಲಿ ಮಾತ್ರ ಜಗ್ಗಬೇಡಿ. ಈ ಅಂಕಿಗಳು ಟೀಮಿಗೆ, ಒಬ್ಬೊಬ್ಬರಿಗೆ ಅಲ್ಲ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಒಬ್ಬರ ಕೆಲಸ ತಿಳಿಯಬೇಕಾದರೆ ಅವರು ಬರೆದ ಐದು ಬಗ್ ವರದಿ ಓದಿ, ಡೆವಲಪರ್‌ಗಳನ್ನು ಕೇಳಿ, ಮೀಟಿಂಗ್‌ನಲ್ಲಿ ಯಾವ ಪ್ರಶ್ನೆ ಕೇಳಿದರು ನೋಡಿ. ಅದಕ್ಕೆ ಸಮಯ ಹಿಡಿಯುತ್ತದೆ. ಲೀಡ್ ಆದವರ ಕೆಲಸವೇ ಅದು.

ಪ್ರಶ್ನೆ: ನಮ್ಮ ಡೆವಲಪರ್‌ಗಳು ಕೋಡ್ ಕವರೇಜ್ ಶೇ. 80 ಮುಟ್ಟಿದ್ದಾರೆ. ಇನ್ನು ಟೆಸ್ಟರ್‌ಗಳು ಇಷ್ಟು ಜನ ಯಾಕೆ ಎನ್ನುತ್ತಿದ್ದಾರೆ. ಏನು ಹೇಳಲಿ? — ಮೈಸೂರು

ಉತ್ತರ: ಕವರೇಜ್ ಹೇಳುವುದು ಇಷ್ಟೇ: ಟೆಸ್ಟ್ ಓಡುವಾಗ ಶೇ. 80ರಷ್ಟು ಸಾಲುಗಳು ಒಮ್ಮೆ ಓಡಿವೆ. ಬಂದ ಉತ್ತರ ಸರಿಯಾ ಎಂದು ಯಾರಾದರೂ ನೋಡಿದರಾ ಎಂದು ಅದು ಹೇಳುವುದಿಲ್ಲ. ಏನನ್ನೂ ಪರೀಕ್ಷಿಸದ ಟೆಸ್ಟ್ ಕೂಡ ಕವರೇಜ್ ಏರಿಸುತ್ತದೆ.

ಜಗಳ ಬೇಡ, ಒಂದು ಮಧ್ಯಾಹ್ನ ಜೊತೆಗೆ ಕೂತು ಇದನ್ನು ಮಾಡಿ. ಕೋಡಿನ ಒಂದು ಪ್ರತಿ ತಗೊಂಡು ಬೇಕಂತಲೇ 20 ಸಣ್ಣ ತಪ್ಪು ಮಾಡಿ. ಕೂಡುವ ಕಡೆ ಕಳೆಯಿರಿ, "ಹೆಚ್ಚು" ಇರುವ ಕಡೆ "ಹೆಚ್ಚು ಅಥವಾ ಸಮ" ಮಾಡಿ. ಒಂದೊಂದು ತಪ್ಪಿಗೂ ಟೆಸ್ಟ್‌ಗಳನ್ನು ಓಡಿಸಿ. ಎಷ್ಟು ಸಲ ಕೆಂಪಾಯಿತು? ಇದು 1970ರ ದಶಕದಿಂದ ಇರುವ ವಿಧಾನ, ಮ್ಯುಟೇಷನ್ ಟೆಸ್ಟಿಂಗ್ ಎನ್ನುತ್ತಾರೆ. ತಾನಾಗಿ ಮಾಡುವ ಟೂಲ್‌ಗಳೂ ಇವೆ. 20ರಲ್ಲಿ 11 ಸಿಕ್ಕಿದರೆ, ಮುಂದಿನ ಕ್ವಾರ್ಟರ್‌ಗೆ 17 ಎಂದು ಡೆವಲಪರ್, ಟೆಸ್ಟರ್ ಇಬ್ಬರೂ ಸೇರಿ ಗುರಿ ಇಡಬಹುದು. ಆದರೆ ಆಗ ಹೊಸ 20 ತಪ್ಪುಗಳನ್ನು ಹಾಕಿ ನೋಡಿ.

ಪ್ರಶ್ನೆ: ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ದಿನಕ್ಕೆ 25 ಟೆಸ್ಟ್ ಕೇಸ್ (ಹೀಗೆ ಮಾಡಿ ನೋಡಿ ಎಂದು ಬರೆದಿಟ್ಟ ಪರೀಕ್ಷೆ) ಓಡಿಸಬೇಕು ಎಂದು ಟಾರ್ಗೆಟ್ ಇದೆ. ಓಡಿಸುವಾಗ ಏನೋ ವಿಚಿತ್ರ ಕಂಡರೂ ನಿಂತು ನೋಡಲು ಆಗುತ್ತಿಲ್ಲ. ಲೀಡ್ ಹತ್ತಿರ ಹೇಳಲು ಭಯ. — ದಾವಣಗೆರೆ

ಉತ್ತರ: ಆ ವಿಚಿತ್ರ ನಿಮ್ಮ ಕಣ್ಣಿಗೆ ಬೀಳುತ್ತಿದೆಯಲ್ಲ, ಅದನ್ನು ಕಳೆದುಕೊಳ್ಳಬೇಡಿ. ಎಷ್ಟೋ ವರ್ಷ ಕೆಲಸ ಮಾಡಿದವರಿಗೂ ಅದು ಬೀಳುವುದಿಲ್ಲ.

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಿಚಿತ್ರ ಕಂಡಾಗಲೆಲ್ಲ ಒಂದೇ ಸಾಲು: ಯಾವ ಪರದೆ, ಏನು ಕಂಡಿತು, ಎಷ್ಟು ಗಂಟೆ. ಆಮೇಲೆ ಲೀಡ್ ಹತ್ತಿರ ಹೋಗಿ ದೂರು ಹೇಳಬೇಡಿ, ಒಂದು ಅವಕಾಶ ಕೇಳಿ. "ವಾರಕ್ಕೆ ಎರಡು ಸಲ ತೊಂಬತ್ತು ನಿಮಿಷ ಕೊಡಿ. ಈ ಸಾಲುಗಳಲ್ಲಿ ಒಂದನ್ನು ಹಿಡಿದು ಹುಡುಕುತ್ತೇನೆ. ಏನು ನೋಡಿದೆ, ಏನು ಸಿಕ್ಕಿತು ಎಂದು ಅರ್ಧ ಪುಟ ಬರೆದು ಕೊಡುತ್ತೇನೆ." ಇಂಥ ತೊಂಬತ್ತು ನಿಮಿಷದ ಪಾಳಿಗಳನ್ನು ಅಮೆರಿಕದ ಜೇಮ್ಸ್ ಬಾಕ್, ಜೊನಾಥನ್ ಬಾಕ್ ಸಹೋದರರು 2000ದ ಹೊತ್ತಿಗೆ ರೂಢಿಗೆ ತಂದರು. ಲೀಡ್‌ಗೂ ಇದು ಅನುಕೂಲ. ವಾರಕ್ಕೆ ಎರಡು ಪಾಳಿ, ಎರಡು ಅರ್ಧ ಪುಟ ಎಂದು ಅವರೂ ಮೇಲಿನವರಿಗೆ ಲೆಕ್ಕ ತೋರಿಸಬಹುದು.

ಮೊದಲ ಸಲ ಬೇಡ ಎಂದರೆ ಒಂದು ಪಾಳಿಯನ್ನಾದರೂ ಕೇಳಿ. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ, ಹೆಚ್ಚು ಅನುಮಾನ ಬಂದ ಮೂರು ಸಾಲುಗಳಿಗೆ ಗೆರೆ ಎಳೆದಿರಿ. ಆಮೇಲೆ ಏನಾಯಿತು ಎಂದು ನನಗೆ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.