ನಿಮ್ಮ ಲೇಖನ ವಾಪಸ್ ಯಾಕೆ ಬಂತು ಅಂದರೆ

ನಮಸ್ಕಾರ. ಕೈದಿಗಳಿಗೆ ಪೆರೋಲ್ (ಶಿಕ್ಷೆಯ ನಡುವೆ ಕೆಲವು ದಿನ ಹೊರಗೆ ಬಿಡುವುದು) ಕೊಡುವುದನ್ನೇ ನಿಲ್ಲಿಸಬೇಕು ಎಂದು ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಚೆನ್ನಾಗಿಲ್ಲ ಅಂತಲ್ಲ. ಪೆರೋಲ್ ಮೇಲೆ ಹೊರಬಂದವನು ಮಾಡಿದ ಕೊಲೆ, ಸತ್ತ ಹುಡುಗನ ಚಪ್ಪಲಿಯನ್ನು ತಾಯಿ ಇನ್ನೂ ಬಾಗಿಲ ಬಳಿಯಿಂದ ತೆಗೆಯದೇ ಇರುವುದು, ಇದೆಲ್ಲ ಓದಿದರೆ ಗಂಟಲು ಕಟ್ಟುತ್ತದೆ. ತೊಂದರೆ ಇರುವುದೂ ಅಲ್ಲೇ. ಮುಕ್ಕಾಲು ಲೇಖನ ನಮ್ಮನ್ನು ಆ ಮನೆಯಲ್ಲೇ ಕೂರಿಸಿ, ಕಣ್ಣು ಒರೆಸಿಕೊಳ್ಳುವ ಮೊದಲೇ ‘ಆದ್ದರಿಂದ ಪೆರೋಲ್ ರದ್ದಾಗಲಿ’ ಅಂತೀರಿ.

ಒಟ್ಟು ಎಷ್ಟು ಜನ ಪೆರೋಲ್ ಮೇಲೆ ಹೋಗುತ್ತಾರೆ? ಎಷ್ಟು ಜನ ಹೇಳಿದ ದಿನಕ್ಕೆ ಸರಿಯಾಗಿ ವಾಪಸ್ ಬರುತ್ತಾರೆ? ಹೊರಗಿದ್ದಾಗ ಅಪರಾಧ ಮಾಡುವವರು ಎಷ್ಟು? ಪೆರೋಲ್ ಇಲ್ಲದೆ ಪೂರ್ತಿ ಶಿಕ್ಷೆ ಮುಗಿಸಿ ಬಂದವರು ಆಮೇಲೆ ಏನು ಮಾಡುತ್ತಾರೆ? ಇದರ ಬಗ್ಗೆ ಒಂದು ಸಾಲೂ ಇಲ್ಲ. ನಾಳೆ ಇನ್ನೊಬ್ಬರು, ಪೆರೋಲ್ ಮೇಲೆ ಬಂದು ಮಗಳ ಮದುವೆ ಮಾಡಿ, ಹೇಳಿದ ದಿನವೇ ಜೈಲಿಗೆ ಮರಳಿದವನ ಕಥೆಯನ್ನು ಇಷ್ಟೇ ಚೆನ್ನಾಗಿ ಬರೆದು ‘ಆದ್ದರಿಂದ ಎಲ್ಲರಿಗೂ ಪೆರೋಲ್ ಕೊಡಿ’ ಅಂದರೆ? ನಿಮ್ಮದನ್ನು ಹಾಕಿ ಅವರದನ್ನು ಬೇಡ ಅನ್ನಲು ನನ್ನ ಹತ್ತಿರ ಯಾವ ಕಾರಣವೂ ಇರುವುದಿಲ್ಲ. ಎರಡೂ ನಿಜವೇ ಇರಬಹುದು, ಆದರೆ ಎರಡರಿಂದಲೂ ಏನೂ ಸಾಬೀತಾಗುವುದಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂದು ಜೊತೆಗಿಟ್ಟ ಪತ್ರದಲ್ಲಿ ಬರೆದಿದ್ದೀರಿ. ಸಾಕು, ಒಪ್ಪಿದೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ, ಅದಕ್ಕೇ ಸಾಕು. ಜೈಲಿನಲ್ಲಿರುವವರು ಹಾಗಲ್ಲವಲ್ಲ. ಮೇಲಾಗಿ ನೀವು ಕೈಗೆ ಸಿಕ್ಕ ಅಗುಳನ್ನು ಹಿಸುಕಿಲ್ಲ, ಗಟ್ಟಿಯಾಗಿರುವುದನ್ನೇ ಹುಡುಕಿ ತೆಗೆದಿದ್ದೀರಿ.

ಇದೇ ವಿಷಯದಲ್ಲಿ ಹೀಗೇ ಆಗಿದ್ದು ಗೊತ್ತಾ? 1988ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಹಿರಿಯ ಜಾರ್ಜ್ ಬುಷ್ ಎದುರು ನಿಂತಿದ್ದ ಮೈಕೆಲ್ ಡುಕಾಕಿಸ್ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್. ಅಲ್ಲಿ ಕೈದಿಗಳಿಗೆ ವಾರಾಂತ್ಯದ ರಜೆ ಕೊಡುವ ಪದ್ಧತಿ ಇತ್ತು. ಅದು ಶುರುವಾಗಿದ್ದು 1972ರಲ್ಲಿ, ಅದೂ ಬುಷ್ ಪಕ್ಷದವರೇ ಗವರ್ನರ್ ಆಗಿದ್ದಾಗ. ಕೊಲೆ ಅಪರಾಧಿಯೊಬ್ಬ ರಜೆಯ ಮೇಲೆ ಹೋದವನು ತಲೆಮರೆಸಿಕೊಂಡು, ಮರುವರ್ಷ ಬೇರೆ ರಾಜ್ಯದಲ್ಲಿ ಒಂದು ಜೋಡಿಯ ಮೇಲೆ ಘೋರ ದೌರ್ಜನ್ಯ ಮಾಡಿದ. ಘಟನೆ ನಿಜ, ಆ ಇಬ್ಬರ ನೋವೂ ನಿಜ. ಆದರೆ ಆಮೇಲೆ ಬುಷ್ ಕಡೆಯವರು ಮಾಡಿದ ಪ್ರಚಾರದ ಜಾಹೀರಾತನ್ನು ನೋಡಿ: ಧ್ವನಿ ಹೇಳುತ್ತಿದ್ದುದು ಕೊಲೆಗಾರರಿಗೆ ರಜೆ ಕೊಟ್ಟ ಬಗ್ಗೆ, ಪರದೆ ಮೇಲೆ ಇದ್ದ ಅಕ್ಷರ ‘268 ಜನ ಪರಾರಿ’. ನೋಡಿದವರು 268 ಕೊಲೆಗಾರರು ಓಡಿಹೋದರು ಅಂದುಕೊಂಡರು. ಆ 268ರಲ್ಲಿ ಅವಧಿಗೆ ಮೊದಲಿನ ಬಿಡುಗಡೆಗೂ ಅರ್ಹರಲ್ಲದ ಮೊದಲ ದರ್ಜೆಯ ಕೊಲೆ ಅಪರಾಧಿಗಳು ನಾಲ್ವರು. ನಾಲ್ವರಲ್ಲಿ ಅಂಥ ಕೃತ್ಯ ಮಾಡಿದವನು ಒಬ್ಬ. ಧ್ವನಿಯನ್ನೂ ಅಕ್ಷರವನ್ನೂ ಪಕ್ಕಪಕ್ಕ ಇಟ್ಟು ಸುಳ್ಳು ನಂಬಿಸಿದರು. ನೀವು ಅಷ್ಟು ಲೆಕ್ಕ ಹಾಕಿ ಮಾಡಿಲ್ಲ ಅಂತ ನನಗೆ ಗೊತ್ತು, ಆದರೆ ಓದುವವರ ಮೇಲೆ ಆಗುವ ಪರಿಣಾಮ ಅದೇ.

ಹಾಗಂತ ಉದಾಹರಣೆಯೇ ಬೇಡ, ಒಣ ಅಂಕಿಅಂಶ ಕೊಡಿ ಅಂತ ನಾನು ಹೇಳುತ್ತಿಲ್ಲ. 1961ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ವೈದ್ಯ ಮೆಕ್‌ಬ್ರೈಡ್ ಗರ್ಭಿಣಿಯರಿಗೆ ಕೊಡುತ್ತಿದ್ದ ಥಾಲಿಡೊಮೈಡ್ ಮಾತ್ರೆಯ ಬಗ್ಗೆ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ತಾವೇ ಕಂಡ ಅಂಗವೈಕಲ್ಯದ ಮಕ್ಕಳ ಬಗ್ಗೆ. ಕಲ್ಲೂ ಕರಗುವಂಥ ವಿಷಯ, ಬೇಕಿದ್ದರೆ ಪುಟಗಟ್ಟಲೆ ಬರೆದು ಓದುವವರ ಕಣ್ಣಲ್ಲಿ ನೀರು ತರಿಸಬಹುದಿತ್ತು. ಅವರು ಬರೆದಿದ್ದು, ಸಾಮಾನ್ಯವಾಗಿ 100 ಮಕ್ಕಳಲ್ಲಿ ಒಂದೂವರೆಯಷ್ಟು ಕಾಣುವ ದೋಷ ಈ ಮಾತ್ರೆ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಸುಮಾರು 20 ಇದೆ, ನೀವು ಯಾರಾದರೂ ಹೀಗೆ ಕಂಡಿದ್ದೀರಾ ಅಂತ. ತಾವು ಕಂಡಿದ್ದನ್ನು ತೀರ್ಪು ಮಾಡಲಿಲ್ಲ, ಪ್ರಶ್ನೆ ಮಾಡಿದರು. ನಿಮ್ಮ ಘಟನೆಗೂ ಆ ಶಕ್ತಿ ಇದೆ. ಆ ಕೊಲೆ ಮಾಡಿದವನಿಗೆ ಪೆರೋಲ್ ಮಂಜೂರು ಮಾಡಿದವರು ಯಾರು, ಏನು ವರದಿ ನೋಡಿ ಮಾಡಿದರು, ಹೊರಗಿದ್ದಾಗ ನಿಗಾ ಇಟ್ಟಿದ್ದರೇ? ಇದನ್ನು ಹುಡುಕಿದ್ದರೆ ಲೇಖನವೇ ಬೇರೆ ಆಗುತ್ತಿತ್ತು.

ಇನ್ನೊಂದು ಮಾತು. ಸುಮ್ನೆ ಕೊನೆಗೆ ಒಂದು ಅಂಕಿಅಂಶದ ಪ್ಯಾರಾ ಅಂಟಿಸಿ ಕಳಿಸಬೇಡಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಸಿದ ಒಬ್ಬಳು ಹುಡುಗಿಯ ಕಥೆ ಮಾತ್ರ ಓದಿದವರು ಜಾಸ್ತಿ ದಾನ ಕೊಟ್ಟರು, ಅದೇ ಕಥೆಯ ಜೊತೆ ಲಕ್ಷಾಂತರ ಜನರ ಅಂಕಿಅಂಶವನ್ನೂ ಓದಿದವರು ಕಡಿಮೆ ಕೊಟ್ಟರು. ಕಥೆಯೂ ಅಂಕಿಯೂ ತಾವಾಗಿಯೇ ಹೊಂದಿಕೊಳ್ಳುವುದಿಲ್ಲ. ಇದು ಎಷ್ಟರಲ್ಲಿ ಒಂದು ಎಂಬುದನ್ನು ಕಥೆಯ ಪಕ್ಕದಲ್ಲೇ, ಮೊದಲ ಪುಟದಲ್ಲೇ ಹೇಳಿಬಿಡಿ. ಹೇಳಿದ ಮೇಲೂ ನಿಮ್ಮ ವಾದ ನಿಂತರೆ ಅದು ವಾದ.

‘ಪೆರೋಲ್ ಪರ ಇರುವವರು ಆ ತಾಯಿಯ ಮುಖ ನೋಡಿ ಮಾತಾಡಲಿ’ ಎಂಬ ಸಾಲನ್ನು ಪೂರ್ತಿ ತೆಗೆಯಿರಿ. ಅದು ಉತ್ತರ ಕೊಡುವುದಿಲ್ಲ, ಎದುರಿನವರ ಬಾಯಿ ಮುಚ್ಚಿಸುತ್ತದೆ ಅಷ್ಟೇ. ಇಷ್ಟಕ್ಕೂ ಇಡೀ ಲೇಖನದಲ್ಲಿ ಆ ತಾಯಿ ಪೆರೋಲ್ ಬಗ್ಗೆ ಒಂದು ಮಾತೂ ಆಡಿಲ್ಲ. ಅವರ ಹತ್ತಿರ ಕೇಳಿದಿರಾ? ಅವರು ಏನಾದರೂ ನಿಮ್ಮ ವಾದಕ್ಕೆ ಒಪ್ಪದ ಮಾತು ಹೇಳಿದರೆ ಅದನ್ನೂ ಹಾಕಬೇಕು.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಶೀರ್ಷಿಕೆಯನ್ನೂ ಬದಲಿಸಿ. ‘ಇನ್ನೆಷ್ಟು ತಾಯಂದಿರು ಅಳಬೇಕು?’ ಅಂತ ಇಟ್ಟಿದ್ದೀರಿ, ಇಲ್ಲಿಯವರೆಗೆ ಎಷ್ಟು ಎಂಬುದೇ ಒಳಗೆ ಎಲ್ಲೂ ಇಲ್ಲ.